ನಕ್ಷೆ ಹಿಡಿದು ನಾರ್ವೆ ನೋಡಿ: ಟಿವಿ ಮುಂದೆ ಕೂತು ಒಂದು ದೇಶ ಸುತ್ತುವ ಬಗೆ

ಪ್ರವಾಸ ಕಾರ್ಯಕ್ರಮ ನೋಡಿದ ಮರುದಿನ ಯಾರಾದರೂ "ಆ ಜಲಪಾತ ಇರುವುದೆಲ್ಲಿ?" ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಬೆಟ್ಟ, ನೀರು, ಕೆಂಪು ಬಣ್ಣದ ಮರದ ಮನೆ ಇಷ್ಟು ಕಣ್ಣಲ್ಲಿ ಉಳಿದಿರುತ್ತದೆ. ಎಲ್ಲಿಂದ ಎಲ್ಲಿಗೆ ಹೋದರು, ಎಷ್ಟು ಹೊತ್ತು ಹಿಡಿಯಿತು, ನಡುವೆ ಏನೇನಿತ್ತು ಎಂಬುದು ನೆನಪಿಗೆ ಬರುವುದಿಲ್ಲ. ಮುಕ್ಕಾಲು ಗಂಟೆಗೆ ಕತ್ತರಿಸಿ ಹೊಂದಿಸಿದ ಕಾರ್ಯಕ್ರಮದಲ್ಲಿ ಮೊದಲು ಕತ್ತರಿ ಬೀಳುವುದು ದಾರಿಯ ಮೇಲೆ. ದಾರಿ ಹೋದ ಮೇಲೆ ಉಳಿಯುವುದು ಒಂದಕ್ಕೊಂದು ಸಂಬಂಧವಿಲ್ಲದ ಊರುಗಳು.

ದಾರಿಯನ್ನೇ ತೋರಿಸುವ ಕಾರ್ಯಕ್ರಮ ಬೇಕಿದ್ದರೆ ನಾರ್ವೆಗೆ ಹೋಗಬೇಕು. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ 2009ರ ನವೆಂಬರ್ 27ರಂದು ಪಶ್ಚಿಮ ಕರಾವಳಿಯ ಬರ್ಗೆನ್‌ನಿಂದ ಓಸ್ಲೋವರೆಗಿನ ರೈಲು ಪ್ರಯಾಣವನ್ನು ಒಂದು ನಿಮಿಷವೂ ಬಿಡದೆ, ಸುಮಾರು ಏಳೂಕಾಲು ಗಂಟೆ, ಇದ್ದದ್ದು ಇದ್ದಂತೆ ತೋರಿಸಿತು. ಆ ರೈಲು ಮಾರ್ಗಕ್ಕೆ ನೂರು ವರ್ಷ ತುಂಬಿದ ಸಂದರ್ಭ ಅದು. ಐವತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯಿದ್ದ ದೇಶದಲ್ಲಿ ಸುಮಾರು ಹನ್ನೆರಡು ಲಕ್ಷ ಜನ ಅದನ್ನು ಸ್ವಲ್ಪವಾದರೂ ನೋಡಿದರು. ಆಮೇಲೆ ಹಡಗು, ಕಾಲುವೆ, ಇನ್ನೊಂದು ರೈಲು, ಹಿಮಸಾರಂಗದ ಹಿಂಡು ಎಲ್ಲಕ್ಕೂ ಇದೇ ಕ್ರಮ ಬಂತು. ನಾರ್ವೆಯವರು ಇದಕ್ಕೆ ಇಟ್ಟ ಹೆಸರಿನ ಅರ್ಥ ನಿಧಾನ ಟಿವಿ.

ಇವನ್ನು ಹಿನ್ನೆಲೆ ಸದ್ದಿನಂತೆ ಹಾಕಿಟ್ಟು ಬೇರೆ ಕೆಲಸ ಮಾಡಿಕೊಳ್ಳುವವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಪಕ್ಕದಲ್ಲಿ ಒಂದು ನಕ್ಷೆ ಇಟ್ಟುಕೊಂಡರೆ ಅದೇ ಏಳು ಗಂಟೆ ಒಂದು ದೇಶದ ನೆಲ, ನೀರು, ಮಳೆ, ಮನೆಗಳ ಪಾಠವಾಗುತ್ತದೆ. ಕ್ಯಾಮೆರಾ ಈಗ ಎಲ್ಲಿದೆ, ಯಾವ ದಿಕ್ಕಿಗೆ ನೋಡುತ್ತಿದೆ ಎಂಬುದು ಪ್ರತಿ ಕ್ಷಣವೂ ಗೊತ್ತಿರಬೇಕು. ಮುಂದೆ ಹೇಳುವುದೆಲ್ಲ ಅದನ್ನು ಸಾಧಿಸುವ ದಾರಿ.

ಯಾವುದನ್ನು ಮೊದಲು ನೋಡುವುದು

ಬರ್ಗೆನ್ ರೈಲಿನಿಂದಲೇ ಶುರು ಮಾಡಿ. ಏಳೂಕಾಲು ಗಂಟೆಯನ್ನು ಮೂರು ದಿನಕ್ಕೆ ಹಂಚಬಹುದು, ದಾರಿ ಒಂದೇ ಗೆರೆ, ನಿಲ್ದಾಣದ ಫಲಕಗಳು ನಿಮ್ಮನ್ನು ದಾರಿ ತಪ್ಪದಂತೆ ಕಾಯುತ್ತವೆ. ಎರಡನೆಯದು ಕರಾವಳಿಯುದ್ದಕ್ಕೂ ಓಡುವ ಹುರ್ಟಿಗ್ರೂಟನ್ ಹಡಗಿನ ಯಾನ. 2011ರ ಜೂನ್‌ನಲ್ಲಿ ಬರ್ಗೆನ್‌ನಿಂದ ರಷ್ಯಾ ಗಡಿಯ ಹತ್ತಿರದ ಕಿರ್ಕೆನೆಸ್‌ವರೆಗೆ 134 ಗಂಟೆಗಿಂತ ಹೆಚ್ಚು ಕಾಲ ನೇರ ಪ್ರಸಾರವಾದದ್ದು. ಇದನ್ನು ಪೂರ್ತಿ ನೋಡಲು ಹೋಗಬೇಡಿ, ಆಯ್ದ ತುಂಡುಗಳು ಸಾಕು. ಮೂರನೆಯದು 2012ರಲ್ಲಿ ಪ್ರಸಾರವಾದ ನೂರ್‌ಲಾಂಡ್ ರೈಲು. ಟ್ರೊಂಡ್‌ಹೈಮ್‌ನಿಂದ ಬೂಡೊವರೆಗೆ 729 ಕಿ.ಮೀ., ಹತ್ತು ಗಂಟೆಗೆ ತುಸು ಕಡಿಮೆ. ಇದನ್ನು ನಾಲ್ಕೂ ಋತುವಿನಲ್ಲಿ ಚಿತ್ರೀಕರಿಸಿ ಒಂದೇ ಪ್ರಯಾಣವಾಗಿ ಹೆಣೆದಿದ್ದಾರೆ. ಹೊಸಬರಿಗೆ ಇದು ಗೊಂದಲ ಮಾಡುತ್ತದೆ, ಹಾಗಾಗಿ ಮೊದಲೆರಡು ಮುಗಿದ ಮೇಲೆಯೇ ಇರಲಿ.

ಎನ್‌ಆರ್‌ಕೆಯ ಜಾಲತಾಣದಲ್ಲಿ ಕೆಲವು ಕಾರ್ಯಕ್ರಮಗಳು ಹೊರದೇಶದಲ್ಲೂ ತೆರೆಯುತ್ತವೆ, ಕೆಲವು ಹಕ್ಕುಸ್ವಾಮ್ಯದ ಕಾರಣ ನಾರ್ವೆಯೊಳಗೆ ಮಾತ್ರ. ಬರ್ಗೆನ್ ರೈಲಿನ ಮುಂಭಾಗದ ಕ್ಯಾಮೆರಾ ಚಿತ್ರಿಸಿದ್ದನ್ನು ಸಂಸ್ಥೆಯೇ ಮುಕ್ತ ಪರವಾನಗಿಯಲ್ಲಿ ಡೌನ್‌ಲೋಡ್‌ಗೆ ಬಿಟ್ಟಿತ್ತು. ಹಾಗಾಗಿ ಅದು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಪ್ರಸಾರವಾದ ಆವೃತ್ತಿಯಲ್ಲಿ ಸಂದರ್ಶನ, ಹಳೆಯ ದೃಶ್ಯಗಳು ಸೇರಿವೆ. ಮುಂಭಾಗದ ಕ್ಯಾಮೆರಾದ್ದರಲ್ಲಿ ಹಳಿ ಮತ್ತು ಹಳಿಯ ಅಕ್ಕಪಕ್ಕ ಮಾತ್ರ. ನಕ್ಷೆ ಹಿಡಿದು ಕೂರುವವರಿಗೆ ಎರಡನೆಯದೇ ಮೇಲು.

ಡೇಟಾ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಎಚ್‌ಡಿ ಗುಣಮಟ್ಟದಲ್ಲಿ ಗಂಟೆಗೆ ಎರಡರಿಂದ ಮೂರು ಜಿಬಿ ಹೋಗುತ್ತದೆ, ಅಂದರೆ ಇಡೀ ರೈಲಿಗೆ ಇಪ್ಪತ್ತು ಜಿಬಿ ಸಮೀಪ. ಗುಣಮಟ್ಟ ಇಳಿಸಿದರೆ ಡೇಟಾ ಉಳಿದೀತು, ಆದರೆ ನಿಲ್ದಾಣದ ಫಲಕ ಓದಲಾಗದು. ಫಲಕ ಓದಲಾಗದಿದ್ದರೆ ನಕ್ಷೆ ಇಟ್ಟುಕೊಂಡು ಉಪಯೋಗವಿಲ್ಲ. ಒಮ್ಮೆ ಡೌನ್‌ಲೋಡ್ ಮಾಡಿಟ್ಟುಕೊಂಡು ಹಿಂದೆ ಮುಂದೆ ಓಡಿಸುತ್ತ ನೋಡುವುದು ಒಳ್ಳೆಯದು.

ಕೂರುವ ಮುಂಚೆ

ಎರಡು ಪರದೆ ಬೇಕು. ದೊಡ್ಡದರಲ್ಲಿ ಕಾರ್ಯಕ್ರಮ, ಮೊಬೈಲ್ ಅಥವಾ ಲ್ಯಾಪ್‌ಟಾಪ್‌ನಲ್ಲಿ ನಕ್ಷೆ. ನಾರ್ವೆಯ ಸರಕಾರಿ ನಕ್ಷಾ ಇಲಾಖೆಯಾದ ಕಾರ್ಟ್‌ವೆರ್ಕೆ ತನ್ನ ನೆಲನಕ್ಷೆಯನ್ನು ನೊರ್ಗೆಸ್‌ಕಾರ್ಟ್ ಎಂಬ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ಸಾಮಾನ್ಯ ನಕ್ಷೆ ಆ್ಯಪ್‌ಗಳು ರಸ್ತೆ, ಅಂಗಡಿಗಳನ್ನು ಎತ್ತಿ ತೋರಿಸುತ್ತವೆ, ಇದರಲ್ಲಿ ಎತ್ತರದ ರೇಖೆ, ಹಿಮನದಿ, ಸುರಂಗದ ಚುಕ್ಕೆ ಗೆರೆ, ಪುಟ್ಟ ಕೆರೆಯ ಹೆಸರು ಕೂಡ ಕಾಣುತ್ತದೆ. ಒಂದು ಜಾಗದ ಮೇಲೆ ಒತ್ತಿದರೆ ಸಮುದ್ರಮಟ್ಟದಿಂದ ಅದರ ಎತ್ತರವೂ ಸಿಗುತ್ತದೆ. ರೈಲು ಪಯಣಕ್ಕೆ ಇಂಥ ನಕ್ಷೆ ಇಲ್ಲದೆ ಕೂರಬೇಡಿ.

ಹುಡುಕುವಾಗ ಒಂದು ತೊಡಕಿದೆ. ನಾರ್ವೆ ವರ್ಣಮಾಲೆಯ ಕೊನೆಯಲ್ಲಿ ಮೂರು ಹೆಚ್ಚಿನ ಅಕ್ಷರಗಳಿವೆ: ಒಂದು ಎರಡು ಅಕ್ಷರ ಅಂಟಿಕೊಂಡದ್ದು, ಒಂದರ ಮೇಲೆ ಓರೆ ಗೀಟು, ಇನ್ನೊಂದರ ತಲೆಯ ಮೇಲೆ ಪುಟ್ಟ ಸುತ್ತು. ತಲೆಯ ಮೇಲೆ ಸುತ್ತಿರುವುದನ್ನು 'ಓ' ಎಂದು ಓದಬೇಕು. ಓಲೆಸುಂಡ್ ಎಂಬ ಊರನ್ನು ಅಕಾರಾದಿ ಪಟ್ಟಿಯ ಮೊದಲಲ್ಲಿ ಹುಡುಕಿದರೆ ಸಿಗದು, ಅದು ಎಲ್ಲಕ್ಕಿಂತ ಕೊನೆಯಲ್ಲಿರುತ್ತದೆ. ಓದುವುದೊಂದು ಬರೆಯುವುದೊಂದು ಆಗಿರುವ ಹೆಸರುಗಳೂ ಇವೆ: 'ಜಿ' ಅಕ್ಷರದಿಂದ ಶುರುವಾಗುವ ಒಂದು ನಿಲ್ದಾಣವನ್ನು ಅಲ್ಲಿನವರು ಯೈಲೊ ಎನ್ನುತ್ತಾರೆ. ಆದ್ದರಿಂದ ಕಿವಿಗೆ ಬಿದ್ದದ್ದನ್ನು ನಂಬಿ ಹುಡುಕದೆ ಪರದೆಯ ಫಲಕವನ್ನು ನಿಲ್ಲಿಸಿ ಅಕ್ಷರ ಅಕ್ಷರವಾಗಿ ಬರೆದುಕೊಳ್ಳಿ.

ನೋಟ್‌ಬುಕ್‌ನಲ್ಲಿ ನಾಲ್ಕು ಕಲಂ ಸಾಕು: ವಿಡಿಯೋದ ಸಮಯ, ಜಾಗ, ಕಂಡದ್ದು, ಅರ್ಥವಾಗದ್ದು. ನಾಲ್ಕನೆಯದನ್ನು ಖಾಲಿ ಬಿಡುವವರೇ ಹೆಚ್ಚು, ಆದರೆ ಅದೇ ಮುಖ್ಯ. 'ಹಳಿಯ ಪಕ್ಕ ಸಾಲು ಹಲಗೆ ಬೇಲಿ, ದನವಿಲ್ಲ ಹೊಲವಿಲ್ಲ, ಯಾಕೆ?' ಎಂದು ಬರೆದವರು ಹತ್ತು ನಿಮಿಷದಲ್ಲಿ ಉತ್ತರ ಕಂಡುಕೊಳ್ಳುತ್ತಾರೆ. ಗಾಳಿ ಹೊತ್ತು ತರುವ ಹಿಮವನ್ನು ಹಳಿ ತಲುಪುವ ಮುಂಚೆಯೇ ತಡೆದು ಬೀಳಿಸುವ ಹಿಮಬೇಲಿ ಅದು.

ಒಂದು ಸಲಕ್ಕೆ 90 ನಿಮಿಷ ದಾಟಬೇಡಿ. ಕಣ್ಣು ತೆರೆದೇ ಇರುತ್ತದೆ, ಗಮನ ಮಾತ್ರ ಜಾರಿರುತ್ತದೆ, ಅದು ನಿಮಗೇ ತಿಳಿಯುವುದಿಲ್ಲ. ಫಲಕವೊಂದು ತಪ್ಪಿಹೋಗಿ ಮುಂದಿನದು ಬಂದಿತೆಂದರೆ ಅಂದಿಗೆ ಸಾಕು ಎಂದು ತಿಳಿಯಿರಿ. ವೇಗ ಹೆಚ್ಚಿಸಿ ನೋಡುವುದೂ ಬೇಡ. ಎರಡು ಪಟ್ಟು ಓಡಿಸಿದರೆ ಹಳಿಯ ಏರು ಕಾಣುವುದಿಲ್ಲ, ತಿರುವೂ ಗೊತ್ತಾಗುವುದಿಲ್ಲ.

ಬರ್ಗೆನ್‌ನಿಂದ ಓಸ್ಲೋಗೆ

ನೋಡುವ ಮುಂಚೆ ಈ ಎತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಬರ್ಗೆನ್ ಸಮುದ್ರದ ದಡದಲ್ಲಿ, ವೊಸ್ 57 ಮೀಟರ್, ಮಿರ್ಡಾಲ್ 867, ಹಾಲಿಂಗ್‌ಸ್ಕೈಡ್ 1110, ಫಿನ್ಸೆ 1222, ಹೌಗಸ್ಟೋಲ್ 988, ಯೈಲೊ 794, ಓಲ್ 437, ಗೋಲ್ 207, ನೆಸ್‌ಬಿಯೆನ್ 169, ಹೋನೆಫಾಸ್ 97, ಓಸ್ಲೋ ಮತ್ತೆ ಸಮುದ್ರದ ದಡ. ಇದನ್ನು ಒಂದು ಗೆರೆಯಾಗಿ ಎಳೆದರೆ ಪಶ್ಚಿಮದ ಕಡೆ ಕಡಿದಾದ ಗೋಡೆ, ಪೂರ್ವದ ಕಡೆ ಉದ್ದಕ್ಕೆ ಇಳಿಯುವ ಇಳಿಜಾರು ಸಿಗುತ್ತದೆ. ದಕ್ಷಿಣ ನಾರ್ವೆಯ ಅಡ್ಡಕೊಯ್ತ ಎಂದರೆ ಇದೇ. ಉಳಿದ ಬಹಳಷ್ಟು ವಿಷಯಗಳು ಈ ಗೆರೆಯಿಂದಲೇ ಹುಟ್ಟುತ್ತವೆ.

ಬರ್ಗೆನ್ ಬಿಟ್ಟ ಕೂಡಲೇ ರೈಲು ಉಲ್ರಿಕೆನ್ ಬೆಟ್ಟದ ಒಳಗೆ ಹೋಗುತ್ತದೆ, ಏಳೂವರೆ ಕಿ.ಮೀ.ಗೂ ಉದ್ದದ ಸುರಂಗ. ಹೊರಬಂದಾಗ ಫ್ಯೋರ್ಡ್‌ನ, ಅಂದರೆ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಸಮುದ್ರದ ತೋಳಿನ, ಅಂಚು. ಇಲ್ಲಿಂದ ವೊಸ್‌ವರೆಗೆ ಸುರಂಗ, ನೀರು, ಸುರಂಗ, ನೀರು. ಇಡೀ ಮಾರ್ಗದಲ್ಲಿ ಸುರಂಗಗಳ ಸಂಖ್ಯೆ ನೂರೈವತ್ತನ್ನು ದಾಟುತ್ತದೆ. ಪ್ರಸಾರದ ಆವೃತ್ತಿಯಲ್ಲಿ ಕತ್ತಲಾದಾಗಲೆಲ್ಲ ಹಳೆಯ ದೃಶ್ಯ, ಸಂದರ್ಶನ ತುಂಬಿದ್ದಾರೆ. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ: ಸುರಂಗದೊಳಗೆ ತೋರಿಸಿದ ಹಳೆಯ ಹಿಮರಾಶಿಯನ್ನು ಹೊರಗಿನ ಇಂದಿನ ದೃಶ್ಯವೆಂದು ಬರೆದುಕೊಳ್ಳುತ್ತಾರೆ. ರೈಲು ಒಳಹೊಕ್ಕ ಸಮಯ, ಹೊರಬಂದ ಸಮಯ ಎರಡನ್ನೂ ಗುರುತು ಹಾಕಿ, ನಡುವಿನದನ್ನು ಬೇರೆ ಪುಟದಲ್ಲಿ ಬರೆಯಿರಿ. ಸುರಂಗದ ಉದ್ದವನ್ನು ನಕ್ಷೆಯಲ್ಲಿ ಅಳೆದು, ಹಿಡಿದ ಹೊತ್ತಿನಿಂದ ಭಾಗಿಸಿದರೆ ರೈಲಿನ ವೇಗವೂ ಸಿಕ್ಕಿತು.

ಒಂದು ಸ್ಥೂಲ ಲೆಕ್ಕ ತಲೆಯಲ್ಲಿರಲಿ. ಡ್ರಾಮನ್ ಮೂಲಕ ಬಳಸಿ ಹೋಗುವ ಈ ದಾರಿ 496 ಕಿ.ಮೀ. ಸುಮಾರು, ಏಳೂಕಾಲು ಗಂಟೆ ಎಂದರೆ ಸರಾಸರಿ ಗಂಟೆಗೆ 68 ಕಿ.ಮೀ. ಫಲಕ ಕಾಣದೆ ಕಾಲು ಗಂಟೆ ಕಳೆದರೆ ಹಿಂದಿನ ನಿಲ್ದಾಣದಿಂದ 17 ಕಿ.ಮೀ. ಆಸುಪಾಸಿನಲ್ಲಿದ್ದೀರಿ. ಬೆಟ್ಟ ಹತ್ತುವಾಗ ಇದಕ್ಕಿಂತ ಕಡಿಮೆ, ಹೋನೆಫಾಸ್ ದಾಟಿದ ಮೇಲೆ ಹೆಚ್ಚು.

ವೊಸ್‌ನಿಂದ ಮಿರ್ಡಾಲ್‌ವರೆಗಿನ ಭಾಗವನ್ನು ಎರಡು ಸಲ ನೋಡುವುದು ಒಳ್ಳೆಯದು. ಸುಮಾರು 50 ಕಿ.ಮೀ.ಯಲ್ಲಿ ಹಳಿ 810 ಮೀಟರ್ ಏರುತ್ತದೆ. ಮೊದಲ ಸಲ ಹಳಿಯನ್ನಷ್ಟೇ ನೋಡಿ: ಕಣಿವೆಯ ಹೊಳೆ ಹಳಿಯ ಮಟ್ಟದಲ್ಲೇ ಇತ್ತೇ, ಯಾವಾಗ ಕೆಳಗೆ ಬಿತ್ತು? ಎರಡನೆಯ ಸಲ ಮರಗಳನ್ನು ನೋಡಿ. ಕೆಳಗೆ ದಟ್ಟ ಕಾಡು, ಮೇಲೆ ಹೋದಂತೆ ಬರ್ಚ್ ಮಾತ್ರ, ಅದೂ ಕುಳ್ಳಾಗುತ್ತ ವಿರಳವಾಗುತ್ತ ಹೋಗುತ್ತದೆ. ಫಿನ್ಸೆಗೆ ಬಂದಾಗ ಒಂದು ಮರವೂ ಇಲ್ಲ. 1222 ಮೀಟರ್ ಎಂದರೆ ಬೇರೆ ಎಷ್ಟೋ ದೇಶಗಳಲ್ಲಿ ಸಾಧಾರಣ ಬೆಟ್ಟ. ಆದರೆ 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಮರಗಳ ಗಡಿ ಅಷ್ಟು ಕೆಳಕ್ಕೆ ಇಳಿದುಬಿಟ್ಟಿದೆ. ಎತ್ತರ ಮತ್ತು ಅಕ್ಷಾಂಶ ಸೇರಿ ಏನು ಮಾಡುತ್ತವೆಂದು ಈ ಒಂದು ಗಂಟೆಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಪುಸ್ತಕದಲ್ಲಿ ಕಾಣುವುದಿಲ್ಲ.

ಫಿನ್ಸೆಯಲ್ಲಿ ವಿಡಿಯೋ ನಿಲ್ಲಿಸಿ ನಕ್ಷೆ ನೋಡಿ. ನಿಲ್ದಾಣಕ್ಕೆ ವಾಹನ ಓಡಾಡುವ ಸಾರ್ವಜನಿಕ ರಸ್ತೆಯೇ ಇಲ್ಲ. ಜನ, ಸಾಮಾನು ಎಲ್ಲ ರೈಲಿನಲ್ಲೇ ಬರಬೇಕು. ಪಕ್ಕದಲ್ಲಿ ತೆಳು ಗೆರೆಯಂತೆ ಕಾಣುವುದು ರಾಲಾರ್‌ವೇಗೆನ್, ಹಳಿ ಹಾಕಲು ಬಂದ ಕೂಲಿಗಳಿಗಾಗಿ ಕಡಿದ ದಾರಿ. ಈಗ ಬೇಸಿಗೆಯಲ್ಲಿ ಸೈಕಲ್ ಸವಾರರು ಓಡಾಡುತ್ತಾರೆ. ದಕ್ಷಿಣಕ್ಕೆ ಬಿಳಿ ಗುಮ್ಮಟದಂತೆ ಹಾರ್ಡಾಂಗರ್‌ಯೋಕುಲೆನ್ ಹಿಮನದಿ. ಧ್ರುವಯಾತ್ರೆಗೆ ಹೊರಟ ರಾಬರ್ಟ್ ಸ್ಕಾಟ್, ಅರ್ನೆಸ್ಟ್ ಶ್ಯಾಕಲ್ಟನ್ ಇಬ್ಬರೂ ಇಲ್ಲಿಗೆ ಬಂದು ತಮ್ಮ ಸಲಕರಣೆ ಪರೀಕ್ಷಿಸಿದ್ದರು.

ಫಿನ್ಸೆ ದಾಟಿ ಪೂರ್ವಕ್ಕೆ ಇಳಿಯುವಾಗ ಬೆಳಕು, ನೆಲ ಎರಡೂ ಬೇರೆಯಾಗುತ್ತವೆ. ಸಮುದ್ರದಿಂದ ಬರುವ ಮೋಡ ಪಶ್ಚಿಮದ ಗೋಡೆಗೆ ಬಡಿದು ಅಲ್ಲೇ ಸುರಿಯುತ್ತದೆ, ಬರ್ಗೆನ್‌ನಲ್ಲಿ ವರ್ಷದ ಮಳೆ 2000 ಮಿ.ಮೀ. ದಾಟುತ್ತದೆ. ಬೆಟ್ಟದಾಚೆ ಓಸ್ಲೋದಲ್ಲಿ 800ರ ಆಸುಪಾಸು. ಹಾಲಿಂಗ್‌ಡಾಲ್ ಕಣಿವೆಯ ನೆಸ್‌ಬಿಯೆನ್ ಬೇಸಿಗೆಯಲ್ಲಿ ಕಾದ ಹಂಚು, 1970ರ ಜೂನ್ 20ರಂದು ಅಲ್ಲಿ 35.6 ಡಿಗ್ರಿ ದಾಖಲಾಯಿತು, ಅದು ದೇಶದ ದಾಖಲೆ. ಹಿಮನದಿಯನ್ನು ಕಂಡ ರೈಲು ಅದೇ ದಿನ ಈ ಊರಿನ ಮೂಲಕವೂ ಹಾದುಹೋಗುತ್ತದೆ. ಹೋನೆಫಾಸ್ ನಂತರದ ಹೊಲ, ಉಪನಗರಗಳಿಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ.

ಹೆಸರು ಬಿಡಿಸಿ ಓದುವುದು

ನಾರ್ವೆಯ ಊರ ಹೆಸರುಗಳು ನೆಲದ ವರ್ಣನೆಗಳು. ಹನ್ನೆರಡು ತುಣುಕು ಗೊತ್ತಿದ್ದರೆ ಫಲಕ ಕಂಡ ಕೂಡಲೇ ಕಿಟಕಿಯಾಚೆ ಏನು ಹುಡುಕಬೇಕೆಂದು ತಿಳಿಯುತ್ತದೆ. ಡಾಲ್ ಎಂದರೆ ಕಣಿವೆ, ಫಾಸ್ ಜಲಪಾತ, ಎಲ್ವ್ ಹೊಳೆ, ವಾಟ್ನ್ ಕೆರೆ ಅಥವಾ ಸರೋವರ, ಮಿರ್ ಜವುಗು, ವಿಕ್ ಸಣ್ಣ ಕೊಲ್ಲಿ, ನೆಸ್ ನೀರಿಗೆ ಚಾಚಿದ ನೆಲ, ಸುಂಡ್ ಎರಡು ನೆಲದ ನಡುವಿನ ಕಿರಿದಾದ ನೀರು, ಟಿಂಡ್ ಚೂಪು ಶಿಖರ, ಬ್ರೆ ಅಥವಾ ಯೋಕುಲ್ ಹಿಮನದಿ, ವಿದ್ದೆ ಬಯಲಾದ ಪ್ರಸ್ಥಭೂಮಿ, ಸ್ಟೋಲ್ ಬೇಸಿಗೆಯಲ್ಲಿ ದನ ಮೇಯಿಸಲು ಹೋಗುವ ಬೆಟ್ಟದ ಹಟ್ಟಿ. ಈಗ ಮಿರ್ಡಾಲ್ ಎಂದರೆ ಜವುಗಿನ ಕಣಿವೆ. ಹೌಗಸ್ಟೋಲ್ ಎಂಬಲ್ಲಿ ಹಿಂದೊಮ್ಮೆ ಹಟ್ಟಿಯಿತ್ತು. ಹೋನೆಫಾಸ್‌ನಲ್ಲಿ ಜಲಪಾತ ಇರಲೇಬೇಕು, ಊರ ನಡುವೆಯೇ ಇದೆ.

ಪದದ ಕೊನೆಯಲ್ಲಿ ಬರುವ 'ಎನ್', 'ಎತ್', 'ಆ' ಹೊಸ ಪದವಲ್ಲ, 'ಆ ಗೊತ್ತಿರುವ ಒಂದು' ಎಂದು ಹೇಳುವ ಪ್ರತ್ಯಯ. ವಿದ್ದೆ ಎಂದರೆ ಯಾವುದೋ ಪ್ರಸ್ಥಭೂಮಿ, ಹಾರ್ಡಾಂಗರ್‌ವಿದ್ದಾ ಎಂದರೆ ಆ ನಿರ್ದಿಷ್ಟ ಪ್ರಸ್ಥಭೂಮಿ. ಇದು ತಿಳಿಯದೆ ಒಂದೇ ಜಾಗವನ್ನು ಎರಡೆಂದು ಬರೆದುಕೊಳ್ಳುವವರಿದ್ದಾರೆ.

ಉತ್ತರಕ್ಕೆ ಹೋದಾಗ ಫಲಕದಲ್ಲಿ ಎರಡನೆಯ, ಕೆಲವೆಡೆ ಮೂರನೆಯ ಹೆಸರು ಕಾಣುತ್ತದೆ. ಅದು ಉತ್ತರದ ಮೂಲನಿವಾಸಿಗಳಾದ ಸಾಮಿಗಳ ಮತ್ತು ಫಿನ್‌ಲೆಂಡ್ ಮೂಲದ ಅಲ್ಪಸಂಖ್ಯಾತರಾದ ಕ್ವೆನ್‌ರ ಭಾಷೆಗಳ ಹೆಸರು. ಟ್ರೊಮ್ಸೊ ಸಾಮಿಯಲ್ಲಿ ರೊಮ್ಸಾ. ಅಲ್ಲಿ ಯೊಹ್ಕಾ ಎಂದರೆ ಹೊಳೆ, ಯಾವ್ರಿ ಎಂದರೆ ಸರೋವರ, ವಾರ್ರಿ ಎಂದರೆ ಬೆಟ್ಟ. ಈ ಮೂರನ್ನು ಬರೆದಿಟ್ಟುಕೊಳ್ಳಿ. ಸಾಮಿ ಸಂಸತ್ತು 1989ರಿಂದ ಕಾರಾಸ್ಯೋಕ್‌ನಲ್ಲಿದೆ. ಪ್ರವಾಸ ಕಾರ್ಯಕ್ರಮಗಳು ಸಾಮಿಗಳನ್ನು ಬಣ್ಣದ ಉಡುಪು, ಹಿಮಸಾರಂಗ, ಗುಡಾರಗಳಿಗೆ ಸೀಮಿತಗೊಳಿಸುವುದೇ ಹೆಚ್ಚು. ಹಾಗೆ ನೋಡಿ ಸುಮ್ಮನಾಗಬೇಡಿ. 2017ರಲ್ಲಿ ಎನ್‌ಆರ್‌ಕೆ ಹಿಮಸಾರಂಗಗಳ ವಸಂತದ ವಲಸೆಯನ್ನು ದೇಶದ ಉತ್ತರ ತುದಿಯ ಜಿಲ್ಲೆ ಫಿನ್ಮಾರ್ಕ್‌ನಿಂದ ತೋರಿಸಿತು. ಹಿಂಡು ನಿಂತರೆ ಮನುಷ್ಯರೂ ನಿಲ್ಲಬೇಕು, ಗಾಳಿ ತಿರುಗಿದರೆ ಕಾಯಬೇಕು. ದುಡಿಮೆ ಎಂದರೇನೆಂದು ಅದರಲ್ಲಿ ಕಾಣುತ್ತದೆ.

ಹಡಗಿನ 134 ಗಂಟೆಯಿಂದ ಆಯ್ದುಕೊಳ್ಳುವುದು

ಹುರ್ಟಿಗ್ರೂಟನ್ 1893ರಲ್ಲಿ ಶುರುವಾದ ಕರಾವಳಿ ಹಡಗು ಮಾರ್ಗ. ರಸ್ತೆ ರೈಲು ತಲುಪದ ಊರಿಗೆ ಅಂಚೆ, ಸರಕು, ಜನರನ್ನು ಒಯ್ಯುವುದಕ್ಕೆ ಹುಟ್ಟಿದ್ದು. 34 ಬಂದರುಗಳಲ್ಲಿ ನಿಲ್ಲುತ್ತದೆ, ಕೆಲವು ಕಡೆ ಕಾಲು ಗಂಟೆ, ಟ್ರೊಂಡ್‌ಹೈಮ್‌ನಂಥಲ್ಲಿ ಕೆಲವು ಗಂಟೆ. ನಾಲ್ಕು ತುಂಡು ಆಯ್ದುಕೊಳ್ಳಿ: ಓಲೆಸುಂಡ್ ಬಂದರಿಗೆ ಬರುವುದು, ನೆಸ್ನಾ ಮತ್ತು ಓರ್ನೆಸ್ ನಡುವೆ ಆರ್ಕ್‌ಟಿಕ್ ವೃತ್ತ ದಾಟುವುದು, ಬೂಡೊದಿಂದ ಲೋಫೋಟನ್ ದ್ವೀಪಗಳ ಮೂಲಕ ಟ್ರೋಲ್‌ಫ್ಯೋರ್ಡ್‌ವರೆಗೆ, ಹೊನ್ನಿಂಗ್‌ಸ್ವೋಗ್‌ನಿಂದ ಕಿರ್ಕೆನೆಸ್‌ವರೆಗೆ.

ಸಮುದ್ರದಲ್ಲಿ ಫಲಕವಿಲ್ಲ, ಹಾಗಾಗಿ ವೇಗದ ಲೆಕ್ಕವೇ ಆಸರೆ. ಹಡಗು ಸುಮಾರು 15 ನಾಟ್ ವೇಗದಲ್ಲಿ ಹೋಗುತ್ತದೆ, ಗಂಟೆಗೆ 28 ಕಿ.ಮೀ. ಬಂದರು ಬಿಟ್ಟ ಸಮಯ ಬರೆದುಕೊಂಡು ಪ್ರತಿ ಅರ್ಧ ಗಂಟೆಗೆ ನಕ್ಷೆಯ ಮೇಲೆ 14 ಕಿ.ಮೀ. ಮುಂದೆ ಚುಕ್ಕೆ ಇಡಿ. ಕಿರಿದಾದ ಸುಂಡ್‌ಗಳಲ್ಲಿ ವೇಗ ತಗ್ಗುತ್ತದೆ, ಅಲ್ಲಿ ಎರಡೂ ದಡದ ಬೆಟ್ಟದ ಆಕಾರ ನಕ್ಷೆಯ ಎತ್ತರದ ರೇಖೆಗೆ ಹೊಂದುತ್ತದೆಯೇ ನೋಡಿ ಸರಿಪಡಿಸಿಕೊಳ್ಳಿ.

ದಿಕ್ಕು ಕಂಡುಹಿಡಿಯಲು ಸೂರ್ಯನಿದ್ದಾನೆ, ಆದರೆ ಗಡಿಯಾರವನ್ನು ನೇರವಾಗಿ ನಂಬುವಂತಿಲ್ಲ. ಇಡೀ ನಾರ್ವೆಗೆ ಒಂದೇ ಸಮಯ. ಬರ್ಗೆನ್ 5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಕಿರ್ಕೆನೆಸ್ 30 ಡಿಗ್ರಿಯಲ್ಲಿ, ಅಂದರೆ ಇಸ್ತಾಂಬುಲ್‌ಗಿಂತ ಪೂರ್ವಕ್ಕೆ. ಬೇಸಿಗೆ ಸಮಯದಲ್ಲಿ ಸೂರ್ಯ ನಡು ದಕ್ಷಿಣಕ್ಕೆ ಬರುವುದು ಬರ್ಗೆನ್‌ನಲ್ಲಿ ಮಧ್ಯಾಹ್ನ 1:40ರ ಸುಮಾರಿಗೆ, ಟ್ರೊಮ್ಸೊದಲ್ಲಿ 12:45ಕ್ಕೆ, ಕಿರ್ಕೆನೆಸ್‌ನಲ್ಲಿ ಹೆಚ್ಚುಕಡಿಮೆ 12ಕ್ಕೆ. ಆ ಹೊತ್ತಿಗೆ ನೆರಳು ನೇರ ಉತ್ತರಕ್ಕೆ ಬೀಳುತ್ತದೆ. ಇದಕ್ಕೆ 12 ಗಂಟೆ ಸೇರಿಸಿದರೆ ನಡುರಾತ್ರಿಯ ಸೂರ್ಯ (ಆರ್ಕ್‌ಟಿಕ್ ವೃತ್ತದಾಚೆ ಬೇಸಿಗೆಯಲ್ಲಿ ರಾತ್ರಿಯೂ ಮುಳುಗದ ಸೂರ್ಯ) ಅತಿ ಕೆಳಗೆ, ನೇರ ಉತ್ತರದಲ್ಲಿ ನಿಲ್ಲುವ ಹೊತ್ತು. ಟ್ರೊಮ್ಸೊದಲ್ಲಿ ರಾತ್ರಿ 12:45ಕ್ಕೆ ಸೂರ್ಯ ಚಿತ್ರದ ನಡುವೆ ಇದ್ದರೆ ಕ್ಯಾಮೆರಾ ಉತ್ತರಕ್ಕೆ ಮುಖ ಮಾಡಿದೆ ಎಂದರ್ಥ. ಒಮ್ಮೆ ಹೀಗೆ ದಿಕ್ಕು ಹಿಡಿದರೆ ಪರದೆಯ ಎಡಬಲಗಳೆಲ್ಲ ನಕ್ಷೆಯ ಮೇಲೆ ತಾವಾಗಿ ಕೂರುತ್ತವೆ.

ದಡದಲ್ಲಿ ಮನೆಗಳನ್ನು ನೋಡಿ. ಓಲೆಸುಂಡ್‌ನ ನಡುಪೇಟೆಯ ಕಟ್ಟಡಗಳೆಲ್ಲ ಒಂದೇ ಕಾಲದವು, ಕಲ್ಲಿನ ಗೋಪುರ, ಹೂಬಳ್ಳಿಯ ಅಲಂಕಾರ. 1904ರ ಜನವರಿಯ ಬೆಂಕಿಯಲ್ಲಿ ಊರು ಸುಟ್ಟು, ಆಗ ಯುರೋಪಿನಲ್ಲಿ ಚಾಲ್ತಿಯಿದ್ದ ಶೈಲಿಯಲ್ಲಿ ಕೆಲವೇ ವರ್ಷಗಳಲ್ಲಿ ಮತ್ತೆ ಎದ್ದದ್ದು. ಇನ್ನೂ ಉತ್ತರಕ್ಕೆ ಹಾಮರ್‌ಫೆಸ್ಟ್, ಹೊನ್ನಿಂಗ್‌ಸ್ವೋಗ್‌ಗಳಲ್ಲಿ ಸರಳವಾದ, ಒಂದರಂತೆ ಇನ್ನೊಂದಿರುವ ಮನೆಗಳು. ಹಳೆಯದು ಕಾಣುವುದೇ ಇಲ್ಲ. 1944ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಫಿನ್ಮಾರ್ಕ್‌ನ ಊರುಗಳನ್ನು ಸುಟ್ಟುಹಾಕಿತ್ತು. ಹೊನ್ನಿಂಗ್‌ಸ್ವೋಗ್‌ನಲ್ಲಿ ಉಳಿದದ್ದು ಚರ್ಚ್ ಒಂದೇ. ಹಡಗು ಬಂದರಿಗೆ ಬರುವಾಗ ಆ ಬಿಳಿ ಚರ್ಚನ್ನು ಹುಡುಕಿ ನೋಡಿ.

ಲೋಫೋಟನ್‌ನಲ್ಲಿ ದಡದುದ್ದಕ್ಕೂ ಎ-ಆಕಾರದ ಬರಿಯ ಮರದ ಚೌಕಟ್ಟುಗಳು ಕಾಣುತ್ತವೆ. ಕಾಡ್ ಮೀನನ್ನು ಉಪ್ಪು ಹಾಕದೆ ಗಾಳಿಗೆ ಒಣಗಿಸುವ ಅಟ್ಟಗಳು ಅವು. ಮೀನು ತೂಗುವುದು ಫೆಬ್ರವರಿಯಿಂದ. ಜೂನ್ ಮಧ್ಯದ ಹೊತ್ತಿಗೆ ಬಹುಪಾಲು ಇಳಿಸಿ ಆಗಿರುತ್ತದೆ. ಮಾರ್ಚ್‌ನಲ್ಲಿ ಚಿತ್ರಿಸಿದ ಬೇರೆ ಯಾವುದಾದರೂ ಕಾರ್ಯಕ್ರಮದಲ್ಲಿ ಅದೇ ಊರನ್ನು ನೋಡಿದರೆ ಅಟ್ಟಗಳು ತುಂಬಿರುತ್ತವೆ.

ಇನ್ನೊಂದು ಎಚ್ಚರ. 2011ರ ಪ್ರಸಾರ ನೇರವಾಗಿದ್ದರಿಂದ ಊರೂರಲ್ಲಿ ಜನ ಬಾವುಟ ಹಿಡಿದು, ವಾದ್ಯ ನುಡಿಸಿ, ದೋಣಿಗಳಲ್ಲಿ ಹಡಗಿನ ಜೊತೆಗೆ ಬಂದರು. ಮನಸ್ಸು ತುಂಬುವ ದೃಶ್ಯ. ಆದರೆ ಅವರು ಬಂದದ್ದು ಟಿವಿ ಬಂದಿದೆ ಎಂದು. ಸಾಮಾನ್ಯ ದಿನ ಆ ಧಕ್ಕೆಯಲ್ಲಿ ಒಂದು ಫೋರ್ಕ್‌ಲಿಫ್ಟ್, ಇಬ್ಬರು ಕೆಲಸಗಾರರು ಇರುತ್ತಾರೆ.

ಕತ್ತರಿಸಿ ಜೋಡಿಸಿದ ಕಾರ್ಯಕ್ರಮಗಳನ್ನು ಪರೀಕ್ಷಿಸುವುದು

ನಿಧಾನ ಟಿವಿಯಿಂದ ನೆಲದ ಪರಿಚಯವಾದ ಮೇಲೆ ಮಾಮೂಲಿ ಪ್ರವಾಸ ಕಾರ್ಯಕ್ರಮಗಳಿಗೆ ಬನ್ನಿ. ಜನರ ಮಾತು, ಅಡುಗೆ, ಮನೆಯೊಳಗು ಸಿಗುವುದು ಅವುಗಳಲ್ಲೇ. ಪ್ರತಿ ದೃಶ್ಯ ಬದಲಾದಾಗ 'ಹಿಂದಿನ ಜಾಗದಿಂದ ಇದು ಎಷ್ಟು ದೂರ?' ಎಂದು ಅಳೆಯಿರಿ. 'ಅಲ್ಲಿಂದ ಉತ್ತರಕ್ಕೆ ಹೊರಟು' ಎಂಬ ಒಂದು ವಾಕ್ಯದಲ್ಲಿ ಸಾವಿರ ಕಿ.ಮೀ. ಮಾಯವಾಗಿರುತ್ತದೆ. ದೇಶದ ಮುಖ್ಯ ರೈಲು ಜಾಲ ಬೂಡೊದಲ್ಲಿ ನಿಲ್ಲುತ್ತದೆ, ನಾರ್ವಿಕ್‌ಗೆ ರೈಲು ಇರುವುದು ಸ್ವೀಡನ್ ಕಡೆಯಿಂದ. ಓಸ್ಲೋದಿಂದ ಕಿರ್ಕೆನೆಸ್‌ಗೆ ಕಾರಿನಲ್ಲಿ ಹತ್ತಿರದ ದಾರಿ ಹೋಗುವುದೂ ಸ್ವೀಡನ್, ಫಿನ್‌ಲೆಂಡ್‌ಗಳ ಮೂಲಕ.

ಟ್ರೋಲ್‌ಟುಂಗಾ ಬಂಡೆಯ ತುದಿಯಲ್ಲಿ ಒಬ್ಬರೇ ನಿಂತಿರುವ ದೃಶ್ಯ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ. ಶೆಗ್ಗೆಡಾಲ್‌ನಿಂದ ಹೋಗಿ ಬರಲು 27 ಕಿ.ಮೀ. ಮೇಲೆ ನಡಿಗೆ, 10ರಿಂದ 12 ಗಂಟೆ. ಬೇಸಿಗೆಯಲ್ಲಿ ಆ ಚಿತ್ರಕ್ಕಾಗಿ ಹಿಂದೆ ಸಾಲು ನಿಂತಿರುತ್ತದೆ. ಡ್ರೋನ್ ಕ್ಯಾಮೆರಾ ಕಾಣಿಸುವುದು ಬಂಡೆ, ಕೆಳಗಿನ ಸರೋವರ ಅಷ್ಟೆ.

ಫ್ಲೋಮ್ ರೈಲು ಇನ್ನೊಂದು ಉದಾಹರಣೆ. ಮಿರ್ಡಾಲ್‌ನಿಂದ 20 ಕಿ.ಮೀ.ಯಲ್ಲಿ ಸಮುದ್ರಮಟ್ಟಕ್ಕೆ ಇಳಿಯುವ ಈ ಹಳಿಯ ಇಳಿಜಾರು 18 ಮೀಟರ್‌ಗೆ 1 ಮೀಟರ್, ದಾರಿಯಲ್ಲಿ 20 ಸುರಂಗ. ದಾರಿಯಲ್ಲಿ ಶೋಸ್‌ಫಾಸೆನ್ ಜಲಪಾತದ ಎದುರು ರೈಲು ನಿಂತಾಗ ಬಂಡೆಯ ಮೇಲೆ ಉದ್ದ ಉಡುಪಿನ ಹೆಣ್ಣೊಬ್ಬಳು ಕುಣಿಯುತ್ತ ಕಾಣಿಸುತ್ತಾಳೆ. ಹುಲ್ದ್ರಾ ಎಂಬ ಜಾನಪದ ಜೀವಿಯ ಪಾತ್ರ ಅದು, ಬೇಸಿಗೆಯ ಪ್ರವಾಸಿಗರಿಗಾಗಿ ನರ್ತಕಿಯರು ಮಾಡುವ ಪ್ರದರ್ಶನ. ಕಾರ್ಯಕ್ರಮ ಅದನ್ನು ಊರಿನ ಆಚರಣೆಯಂತೆ ತೋರಿಸಿದರೆ ನಿಮ್ಮ ಟಿಪ್ಪಣಿಯಲ್ಲಿ ತಿದ್ದಿಕೊಳ್ಳಿ.

ಉತ್ತರದ ಬೆಳಕನ್ನು (ಉತ್ತರ ಧ್ರುವದ ಕಡೆಯ ರಾತ್ರಿಯಾಕಾಶದಲ್ಲಿ ಅಲೆಯಂತೆ ಕಾಣುವ ಬಣ್ಣದ ಬೆಳಕು, ಅರೋರಾ) ತೋರಿಸುವಾಗ ನಕ್ಷತ್ರಗಳನ್ನು ಗಮನಿಸಿ. ಅವು ಸರಿಯುತ್ತಿದ್ದರೆ ಅದು ಗಂಟೆಗಳನ್ನು ಸೆಕೆಂಡುಗಳಿಗೆ ಇಳಿಸಿದ ಚಿತ್ರ. ಕ್ಯಾಮೆರಾ ಬೆಳಕನ್ನು ಕೂಡಿಹಾಕುವುದರಿಂದ ಹಸಿರು ಕಣ್ಣಿಗೆ ಕಾಣುವುದಕ್ಕಿಂತ ಗಾಢವಾಗಿರುತ್ತದೆ. ಸೆಪ್ಟೆಂಬರ್‌ನಿಂದ ಮಾರ್ಚ್ ಅದರ ಕಾಲ. ಒಂದೇ ಕಂತಿನಲ್ಲಿ ನಡುರಾತ್ರಿ ಸೂರ್ಯನೂ ಉತ್ತರದ ಬೆಳಕೂ ಬಂದರೆ ಎರಡು ಬೇರೆ ಪ್ರವಾಸಗಳನ್ನು ಹೊಲಿದಿದ್ದಾರೆ.

ಹಳೆಯ ಮಾಹಿತಿ ತಿದ್ದುವುದು

ತಯಾರಾದ ವರ್ಷವನ್ನು ಮೊದಲ ಪುಟದಲ್ಲೇ ಬರೆಯಿರಿ. 2009, 2011ರ ಕಾರ್ಯಕ್ರಮಗಳಲ್ಲಿ 19 ಜಿಲ್ಲೆಗಳ ನಾರ್ವೆ ಇದೆ. 2020ರಲ್ಲಿ ಅವು 11 ಆದವು, 2024ರಿಂದ 15. ಬರ್ಗೆನ್ ಇದ್ದ ಹೊರ್ಡಾಲಾಂಡ್ ಈಗಿನ ನಕ್ಷೆಯಲ್ಲಿ ಸಿಗುವುದಿಲ್ಲ, ಅದು ವೆಸ್ಟ್‌ಲಾಂಡ್‌ನಲ್ಲಿ ಸೇರಿದೆ. ಟ್ರೊಮ್ಸ್ ಮತ್ತು ಫಿನ್ಮಾರ್ಕ್ 2020ರಲ್ಲಿ ಒಂದಾಗಿ 2024ರಲ್ಲಿ ಮತ್ತೆ ಬೇರೆಯಾದವು. ರೈಲಿನ ಮೇಲೆ ಕಾಣುವ ಸರಕಾರಿ ರೈಲು ಕಂಪನಿ ಎನ್‌ಎಸ್‌ಬಿಯ ಹೆಸರು 2019ರಲ್ಲಿ ವೈ ಎಂದು ಬದಲಾಯಿತು. ಕರಾವಳಿ ಮಾರ್ಗದಲ್ಲಿ 2021ರಿಂದ ಹವಿಲಾ ಎಂಬ ಇನ್ನೊಂದು ಕಂಪನಿಯ ಹಡಗುಗಳೂ ಓಡುತ್ತವೆ. ಇಂದಿನ ರೈಲು, ಹಡಗು, ಬಸ್ಸಿನ ವೇಳೆಗೆ ಎನ್‌ಟೂರ್ ಎಂಬ ರಾಷ್ಟ್ರೀಯ ಯೋಜಕ ತಾಣ ನೋಡಿ. ಹವಾಮಾನಕ್ಕೆ ಎನ್‌ಆರ್‌ಕೆ ಮತ್ತು ಹವಾಮಾನ ಸಂಸ್ಥೆ ಜೊತೆಯಾಗಿ ನಡೆಸುವ ಇರ್ ಇದೆ. ಕಾರ್ಯಕ್ರಮ ನೋಡಿದ ದಿನ ಬರ್ಗೆನ್, ಫಿನ್ಸೆ, ನೆಸ್‌ಬಿಯೆನ್ ಮೂರರ ಉಷ್ಣಾಂಶವನ್ನು ಅಕ್ಕಪಕ್ಕ ಬರೆದುಕೊಂಡರೆ ಎತ್ತರದ ಗೆರೆಗೆ ಜೀವ ಬರುತ್ತದೆ.

ಎಲ್ಲ ಆದ ಒಂದು ವಾರದ ನಂತರ ನಕ್ಷೆ, ನೋಟ್‌ಬುಕ್ ಎರಡನ್ನೂ ಮುಚ್ಚಿಟ್ಟು ಖಾಲಿ ಹಾಳೆಯಲ್ಲಿ ಬರ್ಗೆನ್‌ನಿಂದ ಓಸ್ಲೋವರೆಗಿನ ಗೆರೆ ಎಳೆಯಿರಿ. ನಿಲ್ದಾಣ, ಎತ್ತರ, ಮರ ಮುಗಿದ ಜಾಗ, ಹಿಮನದಿ ಇರುವ ದಿಕ್ಕು ಗುರುತಿಸಿ. ಗೆರೆ ಎಲ್ಲಿ ಮಸುಕಾಗುತ್ತದೋ, ಮಿರ್ಡಾಲ್ ಆದ ಮೇಲೆ ಹಾಲಿಂಗ್‌ಸ್ಕೈಡ್ ಬಿಟ್ಟುಹೋಯಿತೋ, ಹೌಗಸ್ಟೋಲ್ ಯೈಲೊ ಹಿಂದುಮುಂದಾಯಿತೋ, ವಿಡಿಯೋದ ಆ ಇಪ್ಪತ್ತು ನಿಮಿಷವನ್ನು ಮಾತ್ರ ಮತ್ತೆ ಹಾಕಿ ನೋಡಿ.